ಸುಬೇದಾರರನ್ನು ತಿಕ್ಕಿ ಅಳಿಸಿದವಳು

ಮದರಾಸಿನ ಪಲ್ಲಾವರಂನಲ್ಲಿ ನಮ್ಮ ಬೀದಿಗೆ ಬಂದು ಚಂದ್ರಮತಿಯವರ ಮನೆ ಯಾವುದೆಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ತುಪ್ಪಾಕ್ಕಿ ವೀಡು ಎಂದು ಕೇಳಬೇಕು, ಬಂದೂಕಿನ ಮನೆ ಅಂತ. ಹಾಲಿನವನು, ಇಸ್ತ್ರಿಯವನು, ಆಟೋದವರು ಎಲ್ಲರೂ ಹಾಗೆಯೇ ಕರೆಯುವುದು. ಆ ಮನೆಯಲ್ಲಿ ನಲವತ್ತು ವರ್ಷಕ್ಕೂ ಮೇಲೆ ಬಾಳಿದ ಹೆಂಗಸಿನ ಹೆಸರು ಬೀದಿಗೆ ಬೇಕಾಗಿಲ್ಲ.

ನೆಂಟರಲ್ಲಿ ಆಕೆಗೆ ಇನ್ನೊಂದು ಹೆಸರಿತ್ತು: ಸುಬೇದಾರರನ್ನ ತಿಕ್ಕಿ ಅಳಿಸಿದಾಕಿ. ಮದುವೆ ಮನೆಯಲ್ಲಿ ಹೊಸಬರಿಗೆ ಪರಿಚಯ ಮಾಡಿಸುವಾಗ ಯಾರಾದರೂ ನಗುತ್ತಾ ಅದನ್ನು ಹೇಳಿಯೇ ಹೇಳುತ್ತಿದ್ದರು. ಚಂದ್ರಮತಿಯವರೂ ನಗುತ್ತಿದ್ದರು. ಆ ನಗೆಯನ್ನು ನಾನು ಎಷ್ಟೋ ಸಲ ಪಕ್ಕದಲ್ಲಿ ಕೂತು ನೋಡಿದ್ದೇನೆ. ಊಟದೆಲೆಯ ಮುಂದೆ ಕೂತಾಗ ಉಪ್ಪು ಹೆಚ್ಚಾಗಿದ್ದರೂ ಸಹಿಸಿ ತಿನ್ನುವವರ ಮುಖ ಹಾಗಿರುತ್ತದೆ.

ಚಂದ್ರಮತಿಯವರು ಬಳ್ಳಾರಿಯವರು. ಯಜಮಾನರಾದ ಪಂಢರಿನಾಥ ರಾಯರು ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿದ್ದು ನಿವೃತ್ತರಾದವರು. ರಾಯರ ಮುತ್ತಾತ ಬಳ್ಳಾರಿಯ ದಂಡಿನಲ್ಲಿ ಸುಬೇದಾರರಾಗಿದ್ದರು, ಅವರ ಬಂದೂಕೇ ಇದು ಎಂದು ಮನೆತನದ ನಂಬಿಕೆ. ಈಗ ಅದು ಪೂರ್ತಿ ಬಂದೂಕಲ್ಲ. ಕಬ್ಬಿಣದ ನಳಿಗೆಯನ್ನು ರಾಯರ ತಂದೆ ಎಂದೋ ಪೊಲೀಸ್ ಠಾಣೆಗೆ ಒಪ್ಪಿಸಿಬಿಟ್ಟಿದ್ದರು. ಉಳಿದದ್ದು ಹಿಂಭಾಗದ ಮರ, ಅದರ ತುದಿಯಲ್ಲಿ ಭುಜಕ್ಕೆ ಆನಿಸುವ ಕಡೆ ಹೊದಿಸಿದ ಹಿತ್ತಾಳೆಯ ಕಟ್ಟು. ಅದು ದೇವರ ಮನೆಯ ಪಕ್ಕದ ಗೋಡೆಯಲ್ಲಿ ಎರಡು ಮೊಳೆಯ ಮೇಲೆ ಮಲಗಿರುತ್ತಿತ್ತು. ಊರೆಲ್ಲ ಆಯುಧಪೂಜೆ ಎನ್ನುವ ದಿನವನ್ನು ಆ ಮನೆಯವರು ಈಗಲೂ ತಮ್ಮ ಕಡೆಯ ಮಾತಿನಲ್ಲಿ ಖಂಡೇನವಮಿ ಎನ್ನುತ್ತಾರೆ. ಅಂದು ಮಾತ್ರ ಅದನ್ನು ಇಳಿಸಿ, ಹಿತ್ತಾಳೆ ಬೆಳಗಿ, ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಪೂಜೆ.

ಹಿತ್ತಾಳೆ ಬೆಳಗುವುದರಲ್ಲಿ ಚಂದ್ರಮತಿಯವರಂಥವರನ್ನು ನಾನು ನೋಡಿಲ್ಲ. ನೆನೆಸಿದ ಹುಣಸೆಹಣ್ಣು, ಕಲ್ಲುಪ್ಪು, ಬಟ್ಟೆಯಲ್ಲಿ ಶೋಧಿಸಿದ ಇಟ್ಟಿಗೆಪುಡಿ, ತೆಂಗಿನ ನಾರು. ಮೊದಲು ಹುಣಸೆಹಣ್ಣು ಬಳಿದು ಬಿಡುತ್ತಿದ್ದರು. “ಅದಕ್ಕ ಸ್ವಲ್ಪ ಹೊತ್ತು ಕೊಡಬೇಕು ಸೀತಾ. ನಾವು ಹೇಳೋದನ್ನ ಅದು ಕೇಳಿಸಿಕೊಳ್ಳಬೇಕಲ್ಲ” ಎನ್ನುತ್ತಿದ್ದರು. ನಂದಾದೀಪದ ಕಂಬ, ಆರತಿ ತಟ್ಟೆ, ಘಂಟೆ, ಬಾಲಕೃಷ್ಣನ ತೊಟ್ಟಿಲು ಒಂದೊಂದನ್ನೂ ಮಗುವಿಗೆ ಎಣ್ಣೆ ಹಚ್ಚುವಂತೆ ಉಜ್ಜುತ್ತಾ ಬಾಯಲ್ಲಿ ಹಾಡು ಹೇಳಿಕೊಳ್ಳುತ್ತಿದ್ದರು. ಸ್ತೋತ್ರ ಓದುವವರು ನಾವೆಷ್ಟೋ ಜನ ಇದ್ದೇವೆ. ಆಕೆಯ ಪೂಜೆ ಇದ್ದದ್ದು ಆ ಕೈಗಳಲ್ಲಿ. ಮದುವೆಯಾಗಿ ಬಂದ ವರ್ಷ ಆಕೆ ಬೆಳಗಿದ ಬಂದೂಕಿನ ಹಿತ್ತಾಳೆ ನೋಡಿ ಮಾವನವರು, “ಏನವ್ವಾ, ಸುಬೇದಾರರು ಇವತ್ತೇ ಪರೇಡಿಗೆ ಹೊಂಟಂಗ ಕಾಣಸ್ತದಲ್ಲ!” ಎಂದಿದ್ದರಂತೆ. ಅದನ್ನು ನನಗೆ ಹೇಳುವಾಗಲೆಲ್ಲ ಆಕೆಯ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು.

ಮಾವನವರು ತೀರಿಕೊಂಡ ಮೇಲೆ ರಾಯರಿಗೆ ಒಂದು ಹುಚ್ಚು ಹಿಡಿಯಿತು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಗಡಿಯಾರ, ರೇಡಿಯೊ, ಬೀಗ, ಹಡಗಿನ ದೀಪಗಳ ನಡುವೆ ಒಮ್ಮೊಮ್ಮೆ ಬ್ರಿಟಿಷರ ಕಾಲದ ಬಂದೂಕುಗಳ ಮುರಿದ ಭಾಗಗಳೂ ಬರುತ್ತವೆ. ಅವುಗಳ ಹಿತ್ತಾಳೆಯ ಮೇಲೆ ಅಚ್ಚು ಹೊಡೆದ ಅಕ್ಷರಗಳಿರುತ್ತವೆ, ಸೈನ್ಯದ ಯಾವ ಪಲ್ಟಣದ್ದು, ಎಷ್ಟನೆಯ ಬಂದೂಕು, ಕೆಲವೊಮ್ಮೆ ಯಾವ ತಿಂಗಳು ಕೊಟ್ಟದ್ದು ಎಂದು. ಒಂದು ಪಲ್ಟಣದಿಂದ ಇನ್ನೊಂದಕ್ಕೆ ಹೋಗಿದ್ದರೆ ಹಳೆಯದರ ಮೇಲೆ ಗೀಟು, ಪಕ್ಕದಲ್ಲಿ ಹೊಸದು. ಪಾರ್ಸಲ್ಲಿನ ಮೇಲಿನ ಸ್ಟೇಷನ್ ಗುರುತುಗಳನ್ನು ಜೀವಮಾನವೆಲ್ಲ ಓದಿದ ಕಣ್ಣಿಗೆ ಇದು ಸಲೀಸಾಗಿ ಒಗ್ಗಿತು. ಪುಸ್ತಕ ತರಿಸಿ ಓದಿದರು, ಬೇರೆ ದೇಶದವರಿಗೆ ಕಾಗದ ಬರೆದರು. ಆಮೇಲೆ ಕಂಪ್ಯೂಟರ್ ಬಂತು. ಎಲ್ಲಿಂದಲೋ ಯಾರೋ ಫೋಟೋ ಕಳಿಸಿ ಇದು ಯಾವ ಪಲ್ಟಣದ್ದು ಎಂದು ಕೇಳುವ ಮಟ್ಟಿಗೆ ಹೆಸರಾದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದರು. ಹೊರಗಿನವರ ಮಟ್ಟಿಗೆ ಅಷ್ಟು ನಿಯತ್ತಿನ ಮನುಷ್ಯ.

ಹಾಗೆ ಕಲಿತ ಹೊಸದರಲ್ಲಿ, ಒಂದು ಖಂಡೇನವಮಿಯ ದಿನ, ಪೂಜೆಗೆಂದು ಬೆಳಗಿಟ್ಟ ತಮ್ಮ ಮನೆಯ ಬಂದೂಕನ್ನು ಎತ್ತಿ ಕಿಟಕಿಯ ಹತ್ತಿರ ಒಯ್ದರು. ತುಂಬ ಹೊತ್ತು ಅಲ್ಲೇ ನಿಂತಿದ್ದರಂತೆ. ಮನೆ ತುಂಬ ನೆಂಟರು. ತಂಗಿ ಅನಸೂಯ ತಾಂಬರಂನಿಂದ ಬಂದಿದ್ದಳು.

“ಯಾವ ಪಲ್ಟಣ ಅಣ್ಣಾ? ಓದಿ ಹೇಳು, ಎಲ್ಲರೂ ಕೇಳ್ಲಿ” ಎಂದಳು.

ರಾಯರು ತಿರುಗಿ, “ಏನು ಓದ್ಲಿ? ಎಲ್ಲಾ ಹೋಗ್ಯದ. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಒಂದಕ್ಷರ ಉಳಿಸಿಲ್ಲ” ಎಂದರು.

“ಅಕ್ಷರ ಅವ ಅಂತ ಅಪ್ಪ ಓದಿ ಹೇಳ್ತಿದ್ದರಲ್ಲ!”

“ಅಪ್ಪನ ಕಾಲದಾಗ ಇದ್ದವು.”

ಅಪ್ಪನ ಕಾಲದ ನಂತರ ಅದನ್ನು ತಿಕ್ಕಿದವರು ಒಬ್ಬರೇ. ಹಾಗಾಗಿ ಯಾರ ಹೆಸರನ್ನೂ ಹೇಳಬೇಕಾಗಲಿಲ್ಲ. ಚಂದ್ರಮತಿಯವರು ಅಡುಗೆ ಮನೆಯ ಬಾಗಿಲಲ್ಲಿ ಪಾಯಸದ ಸೌಟು ಹಿಡಿದು ನಿಂತಿದ್ದರು. ಅನಸೂಯ ಹಣೆ ಚಚ್ಚಿಕೊಂಡು, “ವೈನೀ, ನೂರು ವರ್ಷದ ಮಾನಾನ ಪಾತ್ರೆ ತಿಕ್ಕಿದಂಗ ತಿಕ್ಕಿಬಿಟ್ರಲ್ಲ!” ಎಂದಳು. ಯಾರೋ ನಕ್ಕರು. ಹೆಸರು ಅಂದೇ ಹುಟ್ಟಿತು.

ಆ ಹೆಸರಾದರೂ ಹೋಗಲಿ. ಆಮೇಲೆ ಇನ್ನೊಂದು ನಡೆಯಿತು. ಇನ್ನು ಮೇಲೆ ಬಂದೂಕನ್ನು ಆಕೆ ಮುಟ್ಟುವುದು ಬೇಡ ಎಂದರು ರಾಯರು. ಅದರ ಜೊತೆಗೇ, ಹಬ್ಬದ ದಿನ ದೇವರ ಹಿತ್ತಾಳೆಯನ್ನೂ ಅನಸೂಯಳೇ ಬಂದು ಮಾಡಲಿ, ಇವಳ ಕೈ ಗಡುಸು ಎಂದರು. ಅಂದಿನಿಂದ ಪ್ರತಿ ವರ್ಷ ಅನಸೂಯ ತಾಂಬರಂನಿಂದ ಎಲೆಕ್ಟ್ರಿಕ್ ರೈಲು ಹತ್ತಿ, ಅಂಗಡಿಯ ಪೌಡರಿನ ಡಬ್ಬಿ ತಂದು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಒರೆಸಿ ಮುಗಿಸುತ್ತಿದ್ದಳು. ದೀಪದ ಕಂಬದ ಸಂದಿಯಲ್ಲಿ ಬಿಳಿ ಪೌಡರು ಹಾಗೇ ಕಚ್ಚಿಕೊಂಡಿರುತ್ತಿತ್ತು. ಅವಳು ಹೋದ ಮೇಲೆ ಚಂದ್ರಮತಿಯವರು ಸೆರಗಿನ ತುದಿಯಿಂದ ಅದನ್ನು ತೆಗೆಯುತ್ತಿದ್ದರು, ಯಾರೂ ನೋಡದಂತೆ.

ಮಗಳು ವೃಂದಾ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ. ತಾಯಿ ಒಮ್ಮೆ ಅವಳ ಹತ್ತಿರ ಹೇಳಿಕೊಂಡರೆ, “ವಿಡುಮ್ಮಾ, ಅಪ್ಪಾ ಅಪ್ಪಡಿತಾನ್. ಪಾತ್ರಂ ತೇಯ್ಕ್ಕಲೇನ್ನಾ ನಲ್ಲದುದಾನೇ?” ಎಂದಳಂತೆ. ಬಿಡಮ್ಮಾ, ಅಪ್ಪ ಹಾಗೇ. ಪಾತ್ರೆ ತಿಕ್ಕುವ ಕೆಲಸ ತಪ್ಪಿದರೆ ಒಳ್ಳೆಯದೇ ತಾನೆ? ನನಗೆ ಇದನ್ನು ಹೇಳುವಾಗ ಚಂದ್ರಮತಿಯವರು ಮಗಳನ್ನು ಬೈಯಲಿಲ್ಲ. “ಆಕೀಗೆ ತಿಳೀಲಿಕ್ಕಿಲ್ಲ. ಕೆಲಸ ತಪ್ಪಿಸಿದ್ರು ಅಂತ ನಾ ಅಳ್ತೀನಿ ಅಂದ್ರ ಯಾರಿಗೆ ತಿಳೀತದ?” ಎಂದರು ಅಷ್ಟೇ.

ವರ್ಷಗಳು ಕಳೆದವು. ರಾಯರ ಕಣ್ಣು ಮಂಜಾಯಿತು. ಶಸ್ತ್ರಚಿಕಿತ್ಸೆಯಾದರೂ ಸಣ್ಣ ಅಕ್ಷರ ಕಾಣದು, ಕೈಯೂ ನಡುಗುತ್ತದೆ. ಆಗ ಅವರಿಗೆ ಚಂದ್ರಮತಿಯವರ ಕೈ ಬೇಕಾಯಿತು. ಗಡುಸು ಎಂದಿದ್ದ ಅದೇ ಕೈ.

ಸವೆದ ಅಚ್ಚನ್ನು ಓದುವ ಅವರ ಕ್ರಮ ನಾನೂ ನೋಡಿದ್ದೇನೆ. ಕಿಟಕಿ ಮುಚ್ಚಿ ಕೋಣೆ ಕತ್ತಲೆ ಮಾಡುವುದು. ಹಿತ್ತಾಳೆಯ ಮೇಲೆ ಚಿಟಿಕೆ ಮುಖದ ಪೌಡರು ಹಾಕಿ ಬೆರಳಿನಿಂದ ತೀಡುವುದು. ಆಮೇಲೆ ಟಾರ್ಚನ್ನು ಮೇಲಿಂದ ಬಿಡದೆ, ಹಿತ್ತಾಳೆಗೆ ಒರಗಿಸಿದಂತೆ ಪಕ್ಕದಿಂದ ಬಿಡುವುದು. ಬೆಳಕು ಅಡ್ಡ ಬಿದ್ದಾಗ, ಏನೂ ಇಲ್ಲ ಎಂದುಕೊಂಡ ಕಡೆ ಅಕ್ಷರದ ನೆರಳು ಏಳುತ್ತದೆ.

“ಏನ್ ಕಾಣ್ತದ?” ಎಂದು ರಾಯರು ಕೇಳುವರು.

“ಎಂ. ಆಮ್ಯಾಲ ಚುಕ್ಕಿ. ಆಮ್ಯಾಲ... ಎನ್ ಇರಬೇಕು. ಒಂದು ಕಾಲು ಮುರದದ.”

“ಟಾರ್ಚ್ ಇನ್ನೂ ಕೆಳಗ ಹಿಡಿ. ಹಾಂ. ಈಗ?”

“ಎನ್ನೇ.”

ಎದುರಿಗೆ ಕೂತ ಅತಿಥಿ ಬೆರಗಾದರೆ ರಾಯರು ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಒಂದೇ: “ಅಚ್ಚು ಹೊಡೆದಾಗ ಏಟು ಒಳಗೆ ಇಳಿದಿರುತ್ತದೆ. ಮೇಲೆ ಎಷ್ಟು ಸವೆದರೂ ಹಿತ್ತಾಳೆ ಅಷ್ಟು ಸುಲಭವಾಗಿ ಮರೆಯೋದಿಲ್ಲ.” ಟಾರ್ಚ್ ಹಿಡಿದ ಹೆಂಡತಿಯ ಮುಂದೆಯೇ ಹೇಳುತ್ತಿದ್ದರು. ಆಕೆ ಇನ್ನೊಂದು ಕೈಯಿಂದ ಅತಿಥಿಗೆ ಕಾಫಿ ಲೋಟ ಮುಂದೆ ಸರಿಸುತ್ತಿದ್ದರು.

ಒಮ್ಮೆ ವೆಲ್ಲೂರಿನಿಂದ ಒಬ್ಬ ಬ್ಯಾಂಕಿನ ಯುವಕ, ಸಾಯಿ ಎಂದು ಹೆಸರು, ತನ್ನ ಮುತ್ತಾತನದೆಂದು ಬಂದೂಕಿನ ಮರ ತಂದಿದ್ದ. ಮುತ್ತಾತ ಅದನ್ನು ಹಿಡಿದು ಯುದ್ಧಕ್ಕೆ ಹೋಗಿದ್ದರೆಂದು ಅವನ ಮನೆಯವರ ಮಾತು. ಚಂದ್ರಮತಿಯವರು ಟಾರ್ಚ್ ಬಿಟ್ಟರು. ಮರದ ಮೇಲೆ ಅಚ್ಚು ಹೊಡೆದ ಎರಡು ಬಾಣದ ಗುರುತು, ಮೊನೆಗೆ ಮೊನೆ ತಾಗಿ ನಿಂತಿದ್ದವು.

“ಎರಡು ಟಗರು ಹಣೆಗೆ ಹಣೆ ಕೊಟ್ಟಂಗ ಅದ” ಎಂದರು ಆಕೆ.

ರಾಯರು ಆ ಹುಡುಗನ ಭುಜದ ಮೇಲೆ ಕೈ ಇಟ್ಟರು. “ಒಂದು ಬಾಣ ಇದ್ದರೆ ಸರಕಾರದ ಸೊತ್ತು. ಎದುರಿಗೆ ಇನ್ನೊಂದು ಬಾಣ ಹೊಡೆದರೆ ಸರಕಾರ ಬೇಡ ಅಂತ ಮಾರಿದ್ದು. ನಿಮ್ಮ ಮುತ್ತಾತ ಯುದ್ಧಕ್ಕೆ ಹೋಗಿರಬಹುದಪ್ಪ, ಆದರೆ ಸಿಪಾಯಿ ಮನೆಗೆ ಬರುವಾಗ ಬಂದೂಕು ತರೋದಿಲ್ಲ, ಅದು ಪಲ್ಟಣದಲ್ಲೇ ಉಳೀತದೆ. ಇದನ್ನ ಯಾರೋ ಹರಾಜಿನಲ್ಲಿ ಕೊಂಡದ್ದು. ಇದರಲ್ಲಿ ಅವಮಾನ ಏನೂ ಇಲ್ಲ” ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಹುಡುಗನ ಕಣ್ಣಲ್ಲಿ ನೀರು ಬಂದರೂ ಅವರ ಕಾಲು ಮುಟ್ಟಿಯೇ ಹೋದ. ಆ ಸಂಜೆ ಚಂದ್ರಮತಿಯವರು ನನ್ನ ಹತ್ತಿರ ಬಂದು, “ಅಷ್ಟು ಮೆತ್ತಗ ಮಾತಾಡ್ತಾರ ಅಂತ ನಂಗ ಗೊತ್ತೇ ಇರಲಿಲ್ಲ ಸೀತಾ” ಎಂದರು.

ಹೋದ ವರ್ಷದ ನವರಾತ್ರಿಗೆ ಕೆಲವು ವಾರ ಮೊದಲು ನುಂಗಂಬಾಕ್ಕಂನಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟಿರುವ ಮುರಳೀಧರ ಬಂದ. ರಾಯರ ಹಳೆಯ ಪರಿಚಯ. ತನ್ನ ಅಂಗಡಿಯ ಮೇಲಿನ ಹಾಲಿನಲ್ಲಿ ಮದರಾಸಿನ ದಂಡಿನ ವಸ್ತುಗಳ ಪ್ರದರ್ಶನ ಇಡುತ್ತೇನೆ, ನಿಮ್ಮ ಸುಬೇದಾರರ ಬಂದೂಕು ನಡುವೆ ಇರಬೇಕು ಎಂದ. ನಾನು ಅಂದು ಚಂದ್ರಮತಿಯವರ ಜೊತೆ ನವರಾತ್ರಿಯ ಕೊಲುವಿನಲ್ಲಿ ಕೂರಿಸುವ ಬೊಂಬೆಗಳನ್ನು ಒರೆಸುತ್ತಾ ಅಲ್ಲೇ ಕೂತಿದ್ದೆ.

“ಏನಂತ ಇಡ್ತೀಯ? ನಮ್ಮಾಕಿ ಕೈಚಳಕ ಅಂತ ಚೀಟಿ ಅಂಟಿಸ್ತೀಯಾ?” ಎಂದು ರಾಯರು ನಕ್ಕರು.

ಮುರಳೀಧರನಿಗೆ ಆ ಹಳೆಯ ಕತೆಯ ಒಳಸುಳಿ ಗೊತ್ತಿರಲಿಲ್ಲ. “ಏನ್ ಸಾರ್ ನೀವು! ಕಡಲಲ್ಲಿ ಬಿದ್ದು ಸವೆದುಹೋದ ಪ್ಲೇಟಲ್ಲೇ ನಂಬರ್ ಎಬ್ಬಿಸಿದ್ದೀರಿ. ಇದು ವರ್ಷಕ್ಕೊಂದ್ ಸಲ ತಿಕ್ಕಿದ್ದು ತಾನೇ? ಟಾರ್ಚ್ ಹಾಕಿ, ಪೌಡರ್ ಹಾಕಿ, ಖಂಡಿತಾ ಏನೋ ಒಂದು ಬರುತ್ತೆ. ಇಳಿಸ್ಲಾ ಸಾರ್?” ಎಂದು ಗೋಡೆಯ ಕಡೆ ಕೈ ಚಾಚಿದ.

“ಮುಟ್ಟಬ್ಯಾಡ!”

ರಾಯರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಮುರಳೀಧರ ಕೈ ಹಿಂದಕ್ಕೆ ತೆಗೆದುಕೊಂಡು, “ಪರವಾಯಿಲ್ಲ ಸಾರ್, ಪೂಜೆ ಸಾಮಾನು, ಗೊತ್ತಾಯ್ತು” ಎಂದು ಸಣ್ಣಗೆ ಹೇಳಿ ಕಾಫಿ ಕುಡಿದು ಹೋದ. ಚಂದ್ರಮತಿಯವರು ಕೈಯಲ್ಲಿದ್ದ ಚೆಟ್ಟಿಯಾರ್ ಬೊಂಬೆಯನ್ನು ಒರೆಸುವುದನ್ನು ನಿಲ್ಲಿಸಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಒಂದು ಹಿತ್ತಾಳೆಯ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ತವರಿನಿಂದ ಕೊಟ್ಟದ್ದು. ನಮ್ಮ ಕಡೆ ಮದುವೆಯ ಪಾತ್ರೆಗಳ ಮೇಲೆ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಾರಲ್ಲ, ಹಾಗೆ ಅದರ ಕುತ್ತಿಗೆಯಲ್ಲಿ ಆಕೆಯ ತಾಯಿಯ ಹೆಸರಿತ್ತು.

“ಇದನ್ನ ಓದು ಸೀತಾ.”

ಓದಿದೆ. ಒಂದು ಚುಕ್ಕಿಯೂ ಹೋಗಿರಲಿಲ್ಲ.

“ಇದರಾಗ ನಾ ದಿನಾ ದೇವರಿಗೆ ನೀರು ಇಡ್ತೀನಿ. ಮದುವೆಯಾದಾಗಿಂದ ದಿನಾ ತಿಕ್ಕೀನಿ. ಅದೇ ಹುಣಸೆಹಣ್ಣು, ಅದೇ ಇಟ್ಟಿಗೆಪುಡಿ. ಅವ್ವನ ಹೆಸರು ಅಳೀಲಿಲ್ಲ. ವರ್ಷಕ್ಕೊಮ್ಮೆ ತಿಕ್ಕಿದ್ದು ಹೆಂಗ ಅಳೀತು?”

ಆಕೆ ಕೇಳಿದ್ದು ನನ್ನನ್ನಲ್ಲ ಎಂದು ಗೊತ್ತಿತ್ತು.

“ಇಷ್ಟು ವರ್ಷ ಇದು ನನ್ನ ಕಣ್ಣ ಮುಂದೇ ಇತ್ತು. ಅವರು ಹೇಳಿದ್ರು ಅಂತ ನಾನೇ ನಂಬಿಬಿಟ್ಟಿದ್ದೆ” ಎಂದು ಚೊಂಬನ್ನು ಮತ್ತೆ ಸೆರಗಿನೊಳಗೆ ಮುಚ್ಚಿಕೊಂಡರು.

ಖಂಡೇನವಮಿಯ ಹಿಂದಿನ ದಿನ ರಾಯರು ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಆಕೆ ಬಂದೂಕನ್ನು ತಾವೇ ಇಳಿಸಿದರು. ಮುಟ್ಟಬಾರದೆಂದ ಮೇಲೆ ಮೊದಲ ಸಲ. ಏನು ಮಾಡಿದೆ ಎಂದು ಆಮೇಲೆ ನನಗೆ ಒಂದೂ ಬಿಡದೆ ಹೇಳಿದರು. ಮೊದಲು ದೇವರಿಗೆ ಕೈಮುಗಿದರಂತೆ. ಕಿಟಕಿ ಮುಚ್ಚಿ, ಪೌಡರು ತೀಡಿ, ಟಾರ್ಚನ್ನು ಹಿತ್ತಾಳೆಗೆ ಒರಗಿಸಿ ಹಿಡಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲಿಂದ ಬಿಟ್ಟರೂ ಒಂದಕ್ಷರದ ನೆರಳೂ ಏಳಲಿಲ್ಲ. ಎಂಥೆಂಥ ಸವೆದ ಹಿತ್ತಾಳೆಯನ್ನೋ ನೋಡಿದ ಕಣ್ಣು ಅದು. ಇದು ಸವೆದದ್ದಲ್ಲ. ಇದರ ಮೇಲೆ ಎಂದೂ ಯಾರೂ ಏನೂ ಹೊಡೆದೇ ಇರಲಿಲ್ಲ. ಕೆಲವು ಬಂದೂಕಿಗೆ ಪಲ್ಟಣದ ಗುರುತು ಹಾಕುವುದೇ ಇಲ್ಲವೆಂದು ರಾಯರೇ ಬಂದವರಿಗೆ ಹೇಳುತ್ತಿದ್ದದ್ದು ನೆನಪಾಯಿತಂತೆ.

ಅಷ್ಟಕ್ಕೇ ಇಟ್ಟುಬಿಡುತ್ತಿದ್ದರು. ಆದರೆ ಇಳಿಸಿದ್ದಕ್ಕೆ ಮರಕ್ಕೆ ಒಂದಿಷ್ಟು ಎಳ್ಳೆಣ್ಣೆ ಹಚ್ಚಿಡೋಣ ಎಂದುಕೊಂಡರು. ಒಣಗಿದ ಮರ ಎಣ್ಣೆಯನ್ನು ಕುಡಿಯಿತು. ಕೆಳಬದಿಯಲ್ಲಿ, ಹಿತ್ತಾಳೆಯ ಹತ್ತಿರ, ಒಂದು ಕಡೆ ಮಾತ್ರ ಕುಡಿಯಲಿಲ್ಲ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಎಣ್ಣೆ ಅಲ್ಲೇ ನಿಂತಿತು. ಬೆರಳಾಡಿಸಿದರೆ ನುಣುಪು. ತಲೆಯಿಂದ ಪಿನ್ನು ತೆಗೆದು ಕೆರೆದರು. ಕಂದು ಬಣ್ಣದ ಚೂರು ಎದ್ದು ಬಂತು. ಮೂಗಿನ ಹತ್ತಿರ ಹಿಡಿದರು.

“ಅರಗು, ಸೀತಾ. ಪಾರ್ಸಲ್ಲಿಗೆ ಮುದ್ರಿ ಹಾಕೋ ಅರಗು. ಮದುವೆಯಾಗಿ ಬಂದಾಗಿಂದ ಅವರ ಅಂಗಿಯಾಗ ಬಂದ ವಾಸನಿ. ನಂಗ ತಪ್ಪತದೇನು?”

ಅರಗು ಪೂರ್ತಿ ಬಂದ ಮೇಲೆ ಅದರಡಿಯಲ್ಲಿ ಎರಡು ಬಾಣ ಇದ್ದವು. ಹಣೆಗೆ ಹಣೆ ಕೊಟ್ಟ ಟಗರುಗಳು.

ಅಂದರೆ ರಾಯರಿಗೆ ಗೊತ್ತಿತ್ತು. ಕಿಟಕಿಯ ಹತ್ತಿರ ತುಂಬ ಹೊತ್ತು ನಿಂತ ಆ ದಿನವೇ ಗೊತ್ತಾಗಿತ್ತು. ಬಂದೂಕು ಹರಾಜಿನದು, ಅದರ ಮೇಲೆ ಯಾವ ಪಲ್ಟಣದ ಹೆಸರೂ ಇರಲಿಲ್ಲ, ಅಪ್ಪ ಓದಿದ್ದೆಂಬುದು ಬರೀ ಮಾತು. ಅದನ್ನು ನೆಂಟರ ಮುಂದೆ ಹೇಳುವ ಬದಲು ಅವರು ಸುತ್ತ ನೋಡಿದರು. ಅಡುಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳು ಕಂಡಳು. ಆಮೇಲೆ ಎಂದೋ ಬಿಡುವಾಗಿ ಕೂತು, ತಮ್ಮ ಕೈಯಿಂದಲೇ ಅರಗು ಕರಗಿಸಿ ಬಾಣಗಳನ್ನು ಮುಚ್ಚಿದರು.

ಮರುದಿನ ಪೂಜೆಗೆ ನನ್ನನ್ನೂ ಕರೆದಿದ್ದರು. ಅನಸೂಯ ಪೌಡರಿನ ಡಬ್ಬಿಯೊಂದಿಗೆ ಬಂದಾಗಿತ್ತು. ಅವಳು ಹೋಗಿ ನೋಡಿದರೆ ದೇವರ ಹಿತ್ತಾಳೆಯೆಲ್ಲ ಆಗಲೇ ಬೆಳಗಿ ಮಣೆಯ ಮೇಲೆ ಸಾಲಾಗಿತ್ತು. ದೀಪದ ಕಂಬದಲ್ಲಿ ಮುಖ ಕಾಣುತ್ತಿತ್ತು. ಬಂದೂಕಿನ ಹಿತ್ತಾಳೆ ಮಾತ್ರ ಕಪ್ಪಗೆ ಹಾಗೇ ಇತ್ತು. ಅದನ್ನು ಕೆಳಬದಿ ಮೇಲೆ ಬರುವಂತೆ ಇಟ್ಟಿದ್ದರು.

“ಇದ್ಯಾಕ ವೈನಿ ತಲಿಕೆಳಗ ಇಟ್ಟೀರಿ?” ಎಂದಳು ಅನಸೂಯ.

ಚಂದ್ರಮತಿಯವರು ಮಡಿ ಪಂಚೆ ಉಟ್ಟು ಬಂದು ಕೂತ ರಾಯರ ಕಡೆ ತಿರುಗಿದರು.

“ಏನ್ರೀ, ಎರಡು ಬಾಣ ಮೊನಿಗೆ ಮೊನಿ ಕೊಟ್ಟಿದ್ರ ಏನರ್ಥ? ಬಂದವರಿಗೆಲ್ಲ ಹೇಳ್ತೀರಲ್ಲ, ಅನಸೂಯಗೂ ಹೇಳ್ರಿ.”

ರಾಯರು ಬಗ್ಗಿ ನೋಡಲಿಲ್ಲ. ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ನೋಡಬಹುದಿತ್ತು. ಮುಟ್ಟಲೂ ಇಲ್ಲ. ಎದುರಿನ ಕುಂಕುಮದ ಬಟ್ಟಲನ್ನು ಸರಿಮಾಡಿದರು.

“ವೆಲ್ಲೂರಿನ ಹುಡುಗಗ ಹೇಳಿದ್ರಿ, ಇದರಾಗ ಅವಮಾನ ಏನಿಲ್ಲ ಅಂತ. ಭುಜದ ಮ್ಯಾಲ ಕೈ ಇಟ್ಟು ಹೇಳಿದ್ರಿ. ನನಗ ಅಷ್ಟೆಲ್ಲಾ ಬ್ಯಾಡ. ಇವಳು ಏನೂ ಅಳಿಸಿಲ್ಲ ಅಂತ ಒಂದು ಮಾತು ಇವರ ಮುಂದ ಅಂದುಬಿಡ್ರಿ. ಸಾಕು.”

ಆ ಕೋಣೆಯಲ್ಲಿ ಕರ್ಪೂರದ ವಾಸನೆ, ಹೊರಗೆ ಬೀದಿಯಲ್ಲಿ ಆಟೋಗಳ ಮುಂದೆ ಕುಂಬಳಕಾಯಿ ಒಡೆಯುವ ಸದ್ದು. ನಾನು ದೇವರ ಮುಖ ನೋಡುತ್ತಾ ಕೂತೆ. ಆ ಮನುಷ್ಯನ ಬಾಯಿಂದ ಆ ಒಂದು ಮಾತು ಬರಿಸಪ್ಪಾ ಎಂದು ಕೇಳಿಕೊಂಡೆ. ನನಗಾಗಿ ನಾನು ಅಷ್ಟು ಗಟ್ಟಿಯಾಗಿ ಎಂದೂ ಕೇಳಿಕೊಂಡವಳಲ್ಲ.

ರಾಯರು, “ಪೂಜೆ ಹೊತ್ತು ಮೀರ್ತದ” ಎಂದರು.

ಅನಸೂಯ ಅಷ್ಟರಲ್ಲಿ ಬಂದೂಕನ್ನು ಎತ್ತಿ ಬೆಳಕಿಗೆ ಹಿಡಿದಿದ್ದಳು. ಕೆರೆದ ಜಾಗದ ಸುತ್ತ ಪಿನ್ನಿನ ಗೀರುಗಳಿದ್ದವು. “ಅಯ್ಯಯ್ಯೋ ವೈನೀ! ಅವತ್ತು ಇದ್ದದ್ದನ್ನ ಅಳಿಸಿದ್ರಿ, ಇವತ್ತು ಇಲ್ಲದ್ದನ್ನ ಕೆತ್ತೀರಲ್ಲ! ನಮ್ಮ ಮನಿತನದ ಮ್ಯಾಲ ನಿಮಗ್ಯಾಕಿಷ್ಟು ಸಿಟ್ಟು? ಅಣ್ಣಾ, ನೀನಾದ್ರೂ ಹೇಳೋ!”

ಎಲ್ಲರೂ ರಾಯರ ಕಡೆ ನೋಡಿದರು. ಹಳೆಯ ಅಚ್ಚಿಗೂ ಹೊಸ ಗೀರಿಗೂ ವ್ಯತ್ಯಾಸ ಹೇಳುವುದಕ್ಕೆ ಅವರಿಗಿಂತ ಬೇರೆ ಯಾರು ಬೇಕು? ಅದನ್ನು ಕೇಳುವುದಕ್ಕಾಗಿಯೇ ಜನ ಸಮುದ್ರದಾಚೆಯಿಂದ ಫೋಟೋ ಕಳಿಸುತ್ತಾರೆ. ಅವರು ಘಂಟೆ ಎತ್ತಿಕೊಂಡು ಬಾರಿಸತೊಡಗಿದರು. ಆಕೆ ಬೆಳಗಿದ ಘಂಟೆ. ನಾದ ಎಷ್ಟು ಚೆನ್ನಾಗಿತ್ತು.

ಚಂದ್ರಮತಿಯವರು ಆರತಿಗೆ ನಿಂತರು, ಎಲ್ಲರಿಗೂ ಬಡಿಸಿದರು, ನನಗೆ ತಾಂಬೂಲ ಕೊಟ್ಟರು.

ಈಗ ನೆಂಟರಲ್ಲಿ ಆಕೆಯ ಹೆಸರು ಇನ್ನೂ ಉದ್ದವಾಗಿದೆ. ಸುಬೇದಾರರನ್ನು ಅಳಿಸಿದ್ದು ಸಾಲದೆ, ಪಿನ್ನು ತಗೊಂಡು ಬಾಣ ಕೆತ್ತಿ, ಬಂದೂಕು ಹರಾಜಿನದು ಅಂದಳಂತೆ ಎಂದು ಅನಸೂಯ ಫೋನಿನಲ್ಲಿ ಎಲ್ಲರಿಗೂ ಹೇಳಿದ್ದಾಳೆ. ವೃಂದಾಳಿಗೂ ಸುದ್ದಿ ಹೋಗಿ, “ಏಮ್ಮಾ, ಉನಕ್ಕು ಇದೆಲ್ಲಾಂ ತೇವೆಯಾ?” ಎಂದು ಕೇಳಿದಳಂತೆ. ನಿನಗೆ ಇದೆಲ್ಲ ಬೇಕಿತ್ತೇ ಎಂದು. ರಾಯರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಬಂದೂಕು ಮತ್ತೆ ಮೊಳೆಯ ಮೇಲೆ ಏರಿದೆ, ಬಾಣವಿರುವ ಬದಿ ಗೋಡೆಯ ಕಡೆಗೆ.

ಮೊನ್ನೆ ಶನಿವಾರ ಹನುಮಂತನ ಗುಡಿಗೆ ಜೊತೆಯಾಗಿ ಹೋಗೋಣವೆಂದು ಕರೆಯಲು ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಮುರಳೀಧರ ಸಂತೆಯಲ್ಲಿ ಸಿಕ್ಕ ಒಂದು ಹಿತ್ತಾಳೆ ತುಂಡು ಹಿಡಿದು ಕೂತಿದ್ದ. ಕಿಟಕಿ ಮುಚ್ಚಿತ್ತು, ಪೌಡರು ತೀಡಿಯಾಗಿತ್ತು. ರಾಯರು ಕತ್ತಲೆಯಲ್ಲಿ ಕುತ್ತಿಗೆ ತಿರುಗಿಸಿ ಕರೆದರು:

“ಚಂದ್ರಾ, ಟಾರ್ಚ್ ಹಿಡಿ ಬಾ.”

ಹಿತ್ತಲಿನ ನಲ್ಲಿಯ ಹತ್ತಿರದಿಂದ ಉತ್ತರ ಬಂತು: “ಕೈ ಹುಣಸೆಹಣ್ಣಾಗ ಅದ.”

“ತೊಳಕೊಂಡು ಬಾ.”

ನಾನು ಹಿತ್ತಲಿಗೆ ಹೋದೆ. ಬಾಲಕೃಷ್ಣನ ತೊಟ್ಟಿಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದರು. ಹಬ್ಬವೇನೂ ಇರಲಿಲ್ಲ. ದಿನವೂ ಬೆಳಗುತ್ತಾರೆ ಈಗ, ಯಾರನ್ನೂ ಕೇಳದೆ. ಬಾಯಲ್ಲಿ ಹಾಡಿರಲಿಲ್ಲ.

“ಮ್ಯಾಡಂ ಬಿಜಿ ಇದ್ದಾರೆ ಸಾರ್, ನಾನೇ ಹಿಡೀಲಾ?” ಎಂದು ಮುರಳೀಧರ ಒಳಗೆ ಕೇಳುತ್ತಿದ್ದ.

“ನಿನಗ ಬರಂಗಿಲ್ಲ ಅದು. ಚಂದ್ರಾ!”

ಆಕೆ ತೊಟ್ಟಿಲನ್ನು ನೀರಿಗೆ ಹಿಡಿದು ತೊಳೆದು, ಬಿಸಿಲಿಗೆ ಬೋರಲು ಹಾಕಿ, ಆರತಿ ತಟ್ಟೆ ಎತ್ತಿಕೊಂಡರು. “ನೀ ಗುಡಿಗೆ ಹೋಗಿ ಬಾ ಸೀತಾ. ನಂದು ಇನ್ನೂ ಅದ” ಎಂದರು. ಒಳಗೆ ಮತ್ತೊಮ್ಮೆ ಕರೆದದ್ದು ನನಗೆ ಗೇಟಿನ ತನಕ ಕೇಳಿಸಿತು. ಆಕೆಗೆ ಕೇಳಿಸಲಿಲ್ಲವೆಂದು ಹೇಳಲಾರೆ.